ಸೇರ್ಪಡೆಯೂ ಕಲಬೆರಕೆಯೂ: ಡೀಸೆಲ್ ಹೊಗೆಯ ಚರಿತ್ರೆಯಿಂದ ಕೆಲವು ಪುಟಗಳು

1960ರ ದಶಕದಲ್ಲಿ ಪಶ್ಚಿಮದ ನಗರಗಳ ಬಸ್ಸು ಲಾರಿಗಳ ಕರಿಹೊಗೆ ಜನರ ಸಹನೆಯನ್ನು ಕೆಣಕತೊಡಗಿದಾಗ ರಸಾಯನ ಕೈಗಾರಿಕೆ ಸೂಚಿಸಿದ ಪರಿಹಾರ ಬಹು ಸರಳವಾಗಿತ್ತು. ಎಂಜಿನ್ನನ್ನು ಮುಟ್ಟಬೇಕಿಲ್ಲ, ಎಣ್ಣೆಯನ್ನು ಶುದ್ಧಮಾಡುವ ಗೋಜೂ ಬೇಡ. ಡೀಸೆಲ್ಲಿಗೆ ಒಂದಿಷ್ಟು ಬೇರಿಯಂ ಸಂಯುಕ್ತ ಸೇರಿಸಿದರೆ ಸಾಕು. ಸೇರಿಸಿದರು; ಹೊಗೆ ನಿಜವಾಗಿಯೂ ತಿಳಿಯಾಯಿತು.

ಅದು ಹೇಗೆಂದು ತಿಳಿಯಲು ಎಂಜಿನ್ನಿನ ಒಳಗನ್ನು ತುಸು ನೋಡಬೇಕು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾಯುತ್ತದೆ. ಆ ಕಾವಿನೊಳಕ್ಕೆ ಎಣ್ಣೆಯನ್ನು ಸಿಂಪಡಿಸಿದೊಡನೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಸಿಂಪಡಣೆಯ ನಡುವಿನ ಭಾಗಕ್ಕೆ ಆಮ್ಲಜನಕ ಸಾಲದು; ಅಲ್ಲಿ ಮಸಿಯ ಕಣಗಳು ಹುಟ್ಟುತ್ತವೆ. ಅವುಗಳಲ್ಲಿ ಹೆಚ್ಚಿನವು ಮರುಕ್ಷಣವೇ ಉರಿದುಹೋಗುತ್ತವೆ, ಉಳಿದವು ಹೊಗೆಕೊಳವೆಯಿಂದ ಹೊರಬೀಳುತ್ತವೆ. ಬೇರಿಯಂ ಈ ಮಸಿ ಕಟ್ಟಿಕೊಳ್ಳುವುದನ್ನು ತಡೆಯಿತು. ಆದರೆ ಲೋಹ ಉರಿದು ಮಾಯವಾಗುವ ವಸ್ತುವಲ್ಲ. ಅದು ಬಹುಪಾಲು ಇಂಧನದ ಗಂಧಕದೊಡನೆ ಕೂಡಿ ಸಲ್ಫೇಟಾಗಿ ಹೊರಬಂತು. ಬೇರಿಯಂ ಸಲ್ಫೇಟು ನಿರಪಾಯಕಾರಿ. ಹೊಟ್ಟೆಯ ಎಕ್ಸ್‌ರೇಗೆ ಮೊದಲು ರೋಗಿಗೆ ಕುಡಿಸುವುದೂ ಅದನ್ನೇ. ನೀರಿನಲ್ಲಿ ಕರಗುವ ಇತರ ಬೇರಿಯಂ ಸಂಯುಕ್ತಗಳಾದರೋ ವಿಷ. ಅವೂ ಒಂದಿಷ್ಟು ಹೊರಬರುತ್ತವೆಂಬ ಆತಂಕ ಹುಟ್ಟಿತು, ಬೇರಿಯಂ ಹಿಂದೆ ಸರಿಯಿತು. ಕಣ್ಣಿಗೆ ಕಾಣುವ ಕಪ್ಪು ಇಳಿದಷ್ಟು ಗಾಳಿ ಶುದ್ಧವಾಗಿರಲಿಲ್ಲ.

ಲೋಹವನ್ನು ಇಂಧನಕ್ಕೆ ಬೆರೆಸುವುದರ ಬೆಲೆ ಎಷ್ಟೆಂಬುದು ಆ ಹೊತ್ತಿಗಾಗಲೇ ತಿಳಿದಿರಬೇಕಿತ್ತೆಂದು ನಮಗನ್ನಿಸುತ್ತದೆ. ಪೆಟ್ರೋಲಿಗೆ ಸೀಸ ಸೇರಿಸಿದರೆ ಎಂಜಿನ್ ಬಡಿದುಕೊಳ್ಳುವುದು ನಿಲ್ಲುತ್ತದೆಂದು ಥಾಮಸ್ ಮಿಜ್ಲಿ ಕಂಡುಕೊಂಡದ್ದು 1921ರಲ್ಲಿ. ಮೂರೇ ವರ್ಷಗಳಲ್ಲಿ, 1924ರ ಅಕ್ಟೋಬರಿನಲ್ಲಿ, ನ್ಯೂಜೆರ್ಸಿಯ ಬೇವೇ ಕಾರ್ಖಾನೆಯಲ್ಲಿ ಆ ದ್ರವ್ಯವನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಸೀಸದ ವಿಷದಿಂದ ಸತ್ತರು. ಆದರೂ ಭಾರತದ ಪೆಟ್ರೋಲಿನಿಂದ ಸೀಸ ಪೂರ್ತಿ ತೊಲಗಲು 2000ದ ಫೆಬ್ರವರಿಯವರೆಗೆ ಕಾಯಬೇಕಾಯಿತು.

ಅದೇ 2000ದಲ್ಲಿ ಫ್ರಾನ್ಸಿನಲ್ಲಿ ಇನ್ನೊಂದು ಲೋಹ ಬೇರೆ ಬಗೆಯಲ್ಲಿ ಪ್ರವೇಶ ಮಾಡಿತು. ಪೆಜೋ 607 ಕಾರಿನ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಸೋಸುಕವೊಂದನ್ನು ಅಳವಡಿಸಿದರು. ಸೋಸುಕ ತುಂಬಿದಾಗ ಮಸಿಯನ್ನು ಅಲ್ಲಿಯೇ ಸುಡಬೇಕು. ಅದಕ್ಕೆ ಸುಮಾರು 550ರಿಂದ 600 ಡಿಗ್ರಿ ಕಾವು ಬೇಕು. ಊರೊಳಗೆ ನಿಂತು ನಿಂತು ಸಾಗುವ ಕಾರಿನ ಹೊಗೆಗೆ ಅಷ್ಟು ಕಾವು ಎಲ್ಲಿಂದ ಬರಬೇಕು? ಡೀಸೆಲ್ಲಿಗೆ ಅತ್ಯಲ್ಪ ಪ್ರಮಾಣದಲ್ಲಿ ಸೇರಿಸಿದ ಸೀರಿಯಂ ಮಸಿಯೊಡನೆ ಬೆರೆತು, ಅದು ಸುಮಾರು 450 ಡಿಗ್ರಿಯಲ್ಲೇ ಉರಿಯುವಂತೆ ಮಾಡಿತು. ಇಲ್ಲಿ ನಾವು ಮೆಚ್ಚುವ ಸಂಗತಿಯೊಂದಿದೆ. ಬೇರಿಯಂ ಎಲ್ಲವನ್ನೂ ತಾನೇ ಮಾಡುತ್ತೇನೆಂದು ಬಂದಿತ್ತು. ಸೀರಿಯಂ ಸೋಸುಕದ ಆಳಾಗಿ ಬಂತು. ಅದರ ಬೂದಿ ಗಾಳಿಗೆ ಹಾರದೆ ಬಹುಮಟ್ಟಿಗೆ ಸೋಸುಕದಲ್ಲೇ ಉಳಿಯಿತು, ಕಾಲಕಾಲಕ್ಕೆ ಅದನ್ನು ತೆಗೆಯುವ ಖರ್ಚು ಕಾರಿನ ಒಡೆಯನ ತಲೆಗೆ ಬಂತು.

ಆದರೆ ಎಣ್ಣೆಯಲ್ಲೇ ಗಂಧಕ ತುಂಬಿರುವಾಗ ಇಂಥ ಉಪಾಯಗಳು ಬಹಳ ದೂರ ಸಾಗಲಾರವು. ಸ್ವೀಡನ್ ಇದನ್ನು ಬೇಗ ಅರಿಯಿತು. 1991ರಲ್ಲಿ ಅದು ಗಂಧಕ ಬಹುತೇಕ ಇಲ್ಲದ ಡೀಸೆಲ್ಲಿಗೆ ತೆರಿಗೆ ರಿಯಾಯಿತಿ ಕೊಟ್ಟಿತು. ಆಗ ಯಾರೂ ನಿರೀಕ್ಷಿಸದ ತೊಂದರೆ ಎದುರಾಯಿತು: ವಾಹನಗಳ ಇಂಧನ ಪಂಪುಗಳು ಸವೆದು ಕೆಡತೊಡಗಿದವು. ಗಂಧಕವನ್ನು ತೆಗೆಯುವ ಸಂಸ್ಕರಣೆ, ಎಣ್ಣೆಗೆ ಸಹಜವಾದ ಜಾರುಗುಣ ಕೊಡುತ್ತಿದ್ದ ಅಂಶಗಳನ್ನೂ ತೆಗೆದುಹಾಕಿತ್ತು. ಹೀಗೆ ಶುದ್ಧವಾದ ಎಣ್ಣೆಗೇ ಒಂದು ಸೇರ್ಪಡೆ ಬೇಕಾಯಿತು. ಸಸ್ಯಮೂಲದ ಕೊಬ್ಬಿನಾಮ್ಲಗಳು ಈ ಕೆಲಸಕ್ಕೆ ಒದಗುತ್ತವೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನೊಂದನ್ನು ಕಡಲೆಕಾಯಿ ಎಣ್ಣೆಯಿಂದ ನಡೆಸಿ ತೋರಿಸಿದ್ದರೆಂಬುದನ್ನು ನೆನೆದರೆ, ಗಾಣದ ಎಣ್ಣೆಯ ಬಂಧುಬಳಗ ಹಿಂಬಾಗಿಲಿನಿಂದ ಮನೆಗೆ ಮರಳಿದಂತೆ ತೋರುತ್ತದೆ.

ನಮ್ಮ ದೇಶದ ಡೀಸೆಲ್ಲಿನಲ್ಲಿ 1990ರ ದಶಕದ ಆರಂಭದವರೆಗೂ ಶೇಕಡಾ 1ರಷ್ಟು, ಅಂದರೆ ಹತ್ತು ಲಕ್ಷದಲ್ಲಿ 10,000 ಭಾಗ, ಗಂಧಕಕ್ಕೆ ಅವಕಾಶವಿತ್ತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಮಿತಿ 10 ಭಾಗ. ಸಾವಿರ ಪಟ್ಟಿನ ಈ ಇಳಿಕೆ ಎಲ್ಲರಿಗೂ ಒಟ್ಟಿಗೆ ದೊರೆಯಲಿಲ್ಲ. 2010ರಲ್ಲಿ 50 ಭಾಗದ ಡೀಸೆಲ್ ಬಂದದ್ದು 13 ನಗರಗಳಿಗೆ ಮಾತ್ರ. ದೆಹಲಿ, ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ಸೊಲ್ಲಾಪುರ ಆ ಪಟ್ಟಿಯಲ್ಲಿದ್ದವು, ಕರ್ನಾಟಕದಿಂದ ಬೆಂಗಳೂರೊಂದೇ. ಹೊರನಾಡ ಕನ್ನಡಿಗರಾದ ನಮ್ಮಲ್ಲಿ ಹಲವರಿಗೆ ದಕ್ಕಿದ ಎಣ್ಣೆ ನಮ್ಮ ಹುಟ್ಟೂರುಗಳಿಗೆ ದಕ್ಕಲು 2017ರವರೆಗೆ ಸಮಯ ಹಿಡಿಯಿತು. ಈ ನಡುವೆ 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವೆಂದು ಸಾರಿತ್ತು.

ಕನ್ನಡದಲ್ಲಿ ಸೇರ್ಪಡೆಗೂ ಕಲಬೆರಕೆಗೂ ಇರುವ ಅಂತರ ಸಣ್ಣದಲ್ಲ, ಆದರೆ ಬಂಕಿನ ನೆಲದಡಿಯ ಟ್ಯಾಂಕಿನಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ. ಪಡಿತರಕ್ಕೆಂದು ಅಗ್ಗವಾಗಿ ಬಂದ ಸೀಮೆಎಣ್ಣೆ ಡೀಸೆಲ್ಲಿನೊಳಗೆ ಸೇರುತ್ತಿದ್ದ ಕಾಲದಲ್ಲಿ, ಸಂಸ್ಕರಣಾಗಾರದ ಯಾವ ಸೂಕ್ಷ್ಮ ಲೆಕ್ಕವೂ ರಸ್ತೆಯವರೆಗೆ ಉಳಿಯುತ್ತಿರಲಿಲ್ಲ. ಕೋಲಾರದ ಕಡೆಯ ಹುಡುಗ, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಎಸ್. ಮಂಜುನಾಥ್, ಇಂಡಿಯನ್ ಆಯಿಲ್ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಇಂಥ ಕಲಬೆರಕೆಯ ಬಂಕಿಗೆ ಬೀಗಮುದ್ರೆ ಹಾಕಿದ್ದರು. 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ವಯಸ್ಸು 27. ಮರುವರ್ಷ ಸರ್ಕಾರ ಸೀಮೆಎಣ್ಣೆಗೆ ಗುರುತುದ್ರವ್ಯ ಸೇರಿಸಲು ಆರಂಭಿಸಿತು: ಕಲಬೆರಕೆಯನ್ನು ಹಿಡಿಯಲೆಂದೇ ಒಂದು ಸೇರ್ಪಡೆ. ಆ ವ್ಯವಸ್ಥೆ ಬಹುಕಾಲ ನಡೆಯಲಿಲ್ಲ. ಮಂಜುನಾಥರನ್ನು ಕೊಂದವರ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟು 2015ರಲ್ಲಿ ಎತ್ತಿಹಿಡಿಯಿತು.