ಸಾಫ್ಟ್‌ವೇರ್ ಕಸುಬು ನಡೆದುಬಂದ ದಾರಿ

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನನಗೆ ಚೆನ್ನಾಗಿ ತಿಳಿದಿರುವ ವಿಷಯವನ್ನೇ ಆರಿಸಿಕೊಂಡೆ. ನಾನು ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದು 1985ರಲ್ಲಿ. 1991ರಿಂದ ಇಂದಿನವರೆಗೂ ಸಾಫ್ಟ್‌ವೇರ್ ಬರೆಯುವುದೇ ನನ್ನ ಕೆಲಸ. ಊರಿಗೆ ಬಂದಾಗಲೆಲ್ಲ ಹಿರಿಯರು ಕೇಳುವ ಪ್ರಶ್ನೆ ಒಂದೇ: "ಈ ಕಂಪ್ಯೂಟರ್ ಕೆಲಸ ನಲವತ್ತು ವಯಸ್ಸಿಗೆ ಮುಗಿದುಹೋಗುತ್ತಂತೆ, ಹೌದೇನಪ್ಪಾ? ಸಾಲ ಮಾಡಿ ಮಗಳನ್ನ ಇದಕ್ಕೆ ಸೇರಿಸಬಹುದಾ?" ಇದಕ್ಕೆ ಒಂದು ಮಾತಿನ ಉತ್ತರವಿಲ್ಲ. ಆದರೆ ಈ ಕಸುಬು ನಮ್ಮ ದೇಶದಲ್ಲಿ ಹೇಗೆ ಬೆಳೆಯಿತೆಂದು ನೋಡಿದರೆ ಉತ್ತರದ ದಾರಿ ಕಾಣುತ್ತದೆ.

ಭಾರತಕ್ಕೆ ಮೊದಲ ಕಂಪ್ಯೂಟರ್ ಬಂದದ್ದು 1955ರಲ್ಲಿ, ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ತಾವೇ ಕಟ್ಟಿದ ಟಿಫ್ರ್ಯಾಕ್ ಯಂತ್ರ 1960ರಲ್ಲಿ ಕೆಲಸಕ್ಕೆ ಬಂತು. 1963ರಲ್ಲಿ ಕಾನ್ಪುರದ ಐಐಟಿಗೆ ಐಬಿಎಂ 1620 ಬಂತು. ಆಗ ಪ್ರೋಗ್ರಾಂನ ಒಂದೊಂದು ಸಾಲಿಗೂ ಒಂದೊಂದು ರಟ್ಟಿನ ಕಾರ್ಡಿನಲ್ಲಿ ತೂತು ಕೊರೆದು, ಆ ಕಟ್ಟನ್ನು ಯಂತ್ರದ ಕೋಣೆಗೆ ಕೊಟ್ಟು, ಉತ್ತರಕ್ಕೆ ಕಾಯಬೇಕಿತ್ತು. ಒಂದು ಅಲ್ಪವಿರಾಮ ತಪ್ಪಿದರೆ ಮತ್ತೆ ಮೊದಲಿಂದ. ಹಾಗಾಗಿ ಮೊದಲು ಕಾಗದದ ಮೇಲೆ ಯೋಚಿಸಿ, ಆಮೇಲೆ ಯಂತ್ರ ಮುಟ್ಟುವ ಅಭ್ಯಾಸ ಅಂದಿನವರಿಗೆ ಬಂತು. ಕಾನ್ಪುರದಲ್ಲಿ ಪಾಠ ಹೇಳಿ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಪ್ರೊ. ವಿ. ರಾಜಾರಾಮನ್ ಅವರ ಪಠ್ಯಪುಸ್ತಕಗಳನ್ನು ಓದಿ ಈ ವಿದ್ಯೆ ಕಲಿತವರು ನಮ್ಮ ಪೀಳಿಗೆಯಲ್ಲಿ ಬಹಳ ಮಂದಿ. ನಾನೂ ಅವರಲ್ಲಿ ಒಬ್ಬ.

1978ರಲ್ಲಿ ಐಬಿಎಂ ಭಾರತದ ವ್ಯವಹಾರ ಮುಗಿಸಿಕೊಂಡು ಹೊರಟಿತು. ದೇಶದ ಕಂಪ್ಯೂಟರುಗಳ ಗತಿಯೇನು ಎಂದು ಹಲವರು ಚಿಂತಿಸಿದರು. ಆದರೆ ಆ ಯಂತ್ರಗಳನ್ನು ನೋಡಿಕೊಳ್ಳುವ ಹೊಣೆ ಸರ್ಕಾರಿ ಸಂಸ್ಥೆಯಾದ ಸಿಎಂಸಿಗೆ ಬಂತು. ವಿಪ್ರೊ, ಎಚ್‌ಸಿಎಲ್‌ನಂಥ ಕಂಪನಿಗಳು ಇಲ್ಲಿಯೇ ಯಂತ್ರ ತಯಾರಿಸಿದವು. 1981ರಲ್ಲಿ ಪುಣೆಯಲ್ಲಿ ಏಳು ಜನ ಸೇರಿ ಕಟ್ಟಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂತು. 1985ರಲ್ಲಿ, ಅಂದರೆ ನಾನು ಹತ್ತನೇ ತರಗತಿ ಮುಗಿಸಿದ ವರ್ಷವೇ, ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕೇಂದ್ರ ತೆರೆಯಿತು. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಯೋಜನೆ ಬಂದ ಮೇಲೆ, ಸಣ್ಣ ಕಂಪನಿಗಳಿಗೂ ಉಪಗ್ರಹದ ಮೂಲಕ ಹೊರದೇಶಕ್ಕೆ ಕೆಲಸ ಕಳಿಸಲು ಸಾಧ್ಯವಾಯಿತು.

ನಾನು ಕೆಲಸಕ್ಕೆ ಸೇರಿದ್ದು ಅದೇ ವರ್ಷ, ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಒಂದು ಸಣ್ಣ ಕಂಪನಿಗೆ. ಯಂತ್ರ ಬಂದರೆ ಕೆಲಸ ಹೋಗುತ್ತದೆಂದು ಬ್ಯಾಂಕ್ ನೌಕರರ ಸಂಘಗಳು ಮೊದಲು ವಿರೋಧಿಸಿದ್ದವು. 1983ರಲ್ಲಿ ಅವರಿಗೂ ಆಡಳಿತಕ್ಕೂ ಒಪ್ಪಂದವಾಗಿ, ಮರುವರ್ಷ ರಂಗರಾಜನ್ ಸಮಿತಿಯ ವರದಿ ಬಂದ ಬಳಿಕ ಗಣಕೀಕರಣಕ್ಕೆ ದಾರಿಯಾಯಿತು. ಶಾಖೆಗಳಿಗೆ ಹೋದಾಗ ನನಗೆ ನಿಜವಾದ ಪಾಠ ಹೇಳಿದವರು ಇಪ್ಪತ್ತು ಮೂವತ್ತು ವರ್ಷ ಲೆಡ್ಜರ್ ಬರೆದ ಗುಮಾಸ್ತರು. ಬಡ್ಡಿ ಹೇಗೆ ಕಟ್ಟುತ್ತಾರೆ, ದಿನದ ಕೊನೆಗೆ ಲೆಕ್ಕ ತಾಳೆಯಾಗದಿದ್ದರೆ ಎಲ್ಲಿ ಹುಡುಕಬೇಕು ಎಂಬುದನ್ನು ಅವರ ಪಕ್ಕ ಕೂತು ಕಲಿತೆ.

ಒಂದು ಉದಾಹರಣೆ ಕೊಡುತ್ತೇನೆ. ಆಗ ಉಳಿತಾಯ ಖಾತೆಗೆ ಬಡ್ಡಿ ಸಿಗುತ್ತಿದ್ದುದು, ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದೊಳಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕೆ ಮಾತ್ರ. ಖಾತೆಯಲ್ಲಿ 10,000 ರೂಪಾಯಿ ಇದ್ದ ರೈತರೊಬ್ಬರು 12ನೇ ತಾರೀಖು ಗೊಬ್ಬರಕ್ಕೆಂದು 9,000 ತೆಗೆದು, 15ಕ್ಕೆ ಮತ್ತೆ ಕಟ್ಟಿದರೆಂದುಕೊಳ್ಳಿ. ಬಡ್ಡಿ ಸಿಗುವುದು ಉಳಿದ 1,000ಕ್ಕೆ ಮಾತ್ರ. ಶೇ. 3.5ರ ದರದಲ್ಲಿ ಆ ತಿಂಗಳು ಅವರಿಗೆ ಸುಮಾರು 26 ರೂಪಾಯಿ ನಷ್ಟ. ರಿಸರ್ವ್ ಬ್ಯಾಂಕ್ 2010ರ ಏಪ್ರಿಲ್ 1ರಿಂದ ದಿನದಿನದ ಮೊತ್ತಕ್ಕೆ ಬಡ್ಡಿ ಕಟ್ಟಬೇಕೆಂದು ನಿಯಮ ಬದಲಿಸಿತು. ಅದೇ ರೈತರಿಗೆ ಈಗ ನಷ್ಟ ಮೂರು ದಿನದ ಬಡ್ಡಿ, ಎಂದರೆ ಎರಡೂವರೆ ರೂಪಾಯಿ ಚಿಲ್ಲರೆ. ಕೈಯಲ್ಲಿ ಲೆಡ್ಜರ್ ಬರೆಯುವ ಕಾಲದಲ್ಲಿ ಪ್ರತಿ ಖಾತೆಗೂ ದಿನವೂ ಈ ಲೆಕ್ಕ ಹಾಕಲು ಆಗುತ್ತಿರಲಿಲ್ಲ. ಆ ಬದಲಾವಣೆಗಾಗಿ ದುಡಿದ ಸಾವಿರಾರು ಜನರಲ್ಲಿ ನಾನೂ ಒಬ್ಬ ಎಂಬ ತೃಪ್ತಿ ಯಾವ ಬಡ್ತಿಗೂ ಕಡಿಮೆಯದಲ್ಲ.

ಇಷ್ಟರಲ್ಲಿ ಭಾಷೆಗಳು ಬದಲಾದವು. ನಾನು ಕೋಬಾಲ್‌ನಿಂದ ಶುರುಮಾಡಿ ಸಿ, ಜಾವಾ ದಾಟಿ ಇಂದು ಮತ್ತಾವುದರಲ್ಲೋ ಬರೆಯುತ್ತಿದ್ದೇನೆ. ಬಡ್ಡಿಯ ಲೆಕ್ಕ ಗೊತ್ತಿದ್ದವರಿಗೆ ಹೊಸ ಭಾಷೆ ಕಲಿಯಲು ಕೆಲವು ತಿಂಗಳು ಸಾಕಾಯಿತು. ಭಾಷೆಯೊಂದೇ ಗೊತ್ತಿದ್ದವರಿಗೆ ಪ್ರತಿ ಸಲವೂ ಹೊಸದಾಗಿ ಶುರುಮಾಡಬೇಕಾಯಿತು.

1998-99ರಲ್ಲಿ ವೈಟುಕೆ ಕೆಲಸ ಬಂತು. ಹಳೆಯ ಪ್ರೋಗ್ರಾಂಗಳಲ್ಲಿ ಇಸವಿಗೆ ಎರಡೇ ಅಂಕಿ ಇದ್ದುದರಿಂದ 2000 ಎಂಬುದು 1900 ಆಗಿ ಕಾಣುವ ಅಪಾಯವಿತ್ತು. ನೂರರಿಂದ ಭಾಗವಾಗುವ ಇಸವಿ ಅಧಿಕ ವರ್ಷವಲ್ಲ, ಆದರೆ ನಾನೂರರಿಂದ ಭಾಗವಾದರೆ ಅಧಿಕ ವರ್ಷ ಎಂಬ ಶಾಲೆಯ ಗಣಿತವೂ ಆಗ ಬೇಕಾಯಿತು. ಯಾರೋ ಇಪ್ಪತ್ತು ವರ್ಷದ ಹಿಂದೆ ಬರೆದದ್ದನ್ನು ತಾಳ್ಮೆಯಿಂದ ಓದಿ ಅರ್ಥ ಮಾಡಿಕೊಳ್ಳುವುದೇ ಆ ಕೆಲಸದ ತಿರುಳು. ಹೊಸದನ್ನು ಬರೆಯುವುದಕ್ಕಿಂತ ಹಳೆಯದನ್ನು ಓದುವುದೇ ಈ ಕಸುಬಿನಲ್ಲಿ ಹೆಚ್ಚು.

ನಮ್ಮೂರಿಗೆ ಸಾಫ್ಟ್‌ವೇರ್ ಬಂದದ್ದು ಪಹಣಿಯ ರೂಪದಲ್ಲಿ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ದಾಖಲೆಗಳು ಕಂಪ್ಯೂಟರಿಗೆ ಸೇರಿದವು. ಕೈಬರಹದ ಪಹಣಿಗಾಗಿ ಅಲೆದವರಿಗೆ ಅದರ ಬೆಲೆ ಗೊತ್ತು. ಹೆಸರಿನ ಒಂದು ಅಕ್ಷರ ತಪ್ಪಿದ್ದಕ್ಕೆ ತಾಲ್ಲೂಕು ಕಚೇರಿಗೆ ಅಲೆದವರಿಗೆ, ಅಂಥ ಕೆಲಸದಲ್ಲಿ ಎಚ್ಚರ ಎಷ್ಟು ಮುಖ್ಯವೆಂಬುದೂ ಗೊತ್ತು.

ಕಷ್ಟದ ದಿನಗಳನ್ನು ಮುಚ್ಚಿಡಬಾರದು. 2001ರಲ್ಲಿ ಅಮೆರಿಕದ ಡಾಟ್‌ಕಾಂ ಕಂಪನಿಗಳು ಮುಳುಗಿದಾಗ, 2008ರಲ್ಲಿ ಅಲ್ಲಿನ ಬ್ಯಾಂಕುಗಳು ಕುಸಿದಾಗ ಇಲ್ಲಿಯೂ ಕೆಲಸ ಹೋದವು. ಚೆನ್ನಾಗಿ ದುಡಿಯುತ್ತಿದ್ದವರೂ ಮನೆಗೆ ಹೋದರು. ಜತೆಗೆ ಹಲವು ಕಂಪನಿಗಳಲ್ಲಿ ಹತ್ತು ವರ್ಷವಾದ ಮೇಲೆ ಸಂಬಳ ಏರಬೇಕಾದರೆ ಪ್ರೋಗ್ರಾಂ ಬಿಟ್ಟು ಮ್ಯಾನೇಜರ್ ಆಗಬೇಕು. ನಲವತ್ತಕ್ಕೆ ಮುಗಿಯುತ್ತದೆ ಎಂಬ ಮಾತಿಗೆ ಇದೂ ಒಂದು ಕಾರಣ. ಕಸುಬಿನಲ್ಲೇ ಉಳಿಯಲು ನಾನು ಎರಡು ಸಲ ಕಡಿಮೆ ಸಂಬಳ ಒಪ್ಪಿಕೊಂಡೆ. ಮನೆಯ ಖರ್ಚನ್ನು ಸಂಬಳಕ್ಕಿಂತ ಬಹಳ ಕೆಳಗೆ ಇಟ್ಟಿದ್ದರಿಂದ ಅದು ಸಾಧ್ಯವಾಯಿತು.

2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಯಂತ್ರವೇ ಪ್ರೋಗ್ರಾಂ ಬರೆಯುತ್ತಿದೆ. ನಾನೂ ಅದನ್ನು ದಿನವೂ ಬಳಸುತ್ತೇನೆ. ಅದು ಬರೆದದ್ದು ಸರಿಯೋ ತಪ್ಪೋ ಎಂದು ಓದಿ ಹೇಳುವವರು ಬೇಕು. ಕೇವಲ ಹೇಳಿದ್ದನ್ನು ಬರೆದುಕೊಡುವ ಕೆಲಸ ಕಡಿಮೆಯಾಗುತ್ತಿದೆ ಎಂಬುದೂ ನಿಜ.

ಆದ್ದರಿಂದ ಪೋಷಕರಿಗೆ ನನ್ನ ಮಾತು ಇಷ್ಟು. ಆರು ತಿಂಗಳಲ್ಲಿ ಒಂದು ಭಾಷೆ ಕಲಿಸಿ ಕೆಲಸ ಕೊಡಿಸುತ್ತೇವೆ ಎನ್ನುವ ಕೋರ್ಸಿಗೆ ಸಾಲ ಮಾಡಬೇಡಿ. ಮಗುವಿಗೆ ಲೆಕ್ಕ ಬಿಡಿಸುವುದರಲ್ಲಿ, ತಪ್ಪು ಹುಡುಕುವುದರಲ್ಲಿ ನಿಜವಾಗಿ ಆಸಕ್ತಿ ಇದ್ದರೆ ಧೈರ್ಯವಾಗಿ ಓದಿಸಿ. ವಿದ್ಯಾರ್ಥಿಗಳಿಗೆ ಹೇಳುವುದೆಂದರೆ, ಗಣಿತದ ಉತ್ತರಕ್ಕಿಂತ ಹಂತಗಳ ಮೇಲೆ ಗಮನವಿಡಿ. ಒಂದು ವಿಷಯವನ್ನು ಕನ್ನಡದಲ್ಲಿ ಹತ್ತು ಸಾಲಿನಲ್ಲಿ ಸ್ಪಷ್ಟವಾಗಿ ಬರೆಯಲು ಕಲಿಯಿರಿ. ಇಂಗ್ಲಿಷ್ ಆಮೇಲೆ ಬರುತ್ತದೆ. ಕಂಪ್ಯೂಟರಿನ ಜತೆಗೆ ಇನ್ನೊಂದು ಕ್ಷೇತ್ರವನ್ನು ಆಳವಾಗಿ ತಿಳಿಯಿರಿ. ಬ್ಯಾಂಕು, ಆಸ್ಪತ್ರೆ, ಬೇಸಾಯ, ನೀರಾವರಿ ಯಾವುದಾದರೂ ಆಗಬಹುದು.

ಕಂಪ್ಯೂಟರನ್ನು ಕಣ್ಣಲ್ಲೇ ಕಾಣದ ಕಾಲದಲ್ಲಿ ಈ ಶಾಲೆಯ ಗುರುಗಳು ನಮಗೆ ಹಂತ ಹಂತವಾಗಿ ಯೋಚಿಸುವುದನ್ನು ಕಲಿಸಿದರು.