ಗಟ್ಟಿ ಮೈಯೊಳಗಿನ ತಪ್ಪುದಾರಿಯ ಧಮನಿ

ಚೆನ್ನಾಗಿ ಓಡಬಲ್ಲವನ ಹೃದಯವೂ ಚೆನ್ನಾಗಿರಲೇಬೇಕು ಎಂಬ ನಂಬಿಕೆ ಕ್ರೀಡಾಲೋಕದಲ್ಲಿ ಆಳವಾಗಿ ಬೇರೂರಿದೆ. ಅದನ್ನು ಅಲುಗಿಸಿದ ಸಾವುಗಳಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಪೀಟ್ ಮರಾವಿಚ್‌ನದು ಮುಖ್ಯವಾದದ್ದು. ಹತ್ತು ವರ್ಷ ಎನ್‌ಬಿಎಯಲ್ಲಿ ಮಿಂಚಿದ್ದ ಆತ 1988ರ ಜನವರಿ 5ರಂದು ಪ್ಯಾಸಡೀನಾದಲ್ಲಿ ಗೆಳೆಯರೊಡನೆ ಆಡುತ್ತಿದ್ದಾಗ ಕುಸಿದು ತೀರಿಕೊಂಡ. ವಯಸ್ಸು 40. ಹೃದಯಕ್ಕೆ ರಕ್ತ ಒದಗಿಸುವ ಎಡ ಕರೋನರಿ ಧಮನಿ ಅವನಿಗೆ ಹುಟ್ಟಿನಿಂದಲೇ ಇರಲಿಲ್ಲವೆಂಬುದು ಮರಣೋತ್ತರ ಪರೀಕ್ಷೆಯಲ್ಲಷ್ಟೇ ತಿಳಿಯಿತು.

ವೈದ್ಯರಿಗೆ ಇಂಥ ದೋಷಗಳು ಹೊಸತಾಗಿರಲಿಲ್ಲ. ಎಡ ಧಮನಿ ಮಹಾಪಧಮನಿಯ ಬಲಬದಿಯಿಂದ ಹೊರಟರೆ ಅದನ್ನು ಅಲ್ಪ ದೋಷವೆಂದು ತಳ್ಳಿಹಾಕಬಾರದೆಂದು ಮೆಲ್ವಿನ್ ಚೀಟ್ಲಿನ್ ಮತ್ತು ಸಂಗಡಿಗರು 1974ರಲ್ಲೇ ಬರೆದಿದ್ದರು. ಅಂಥ ಧಮನಿ ಹಲವರಲ್ಲಿ ಎರಡು ಮಹಾನಾಳಗಳ ನಡುವೆ ಓರೆಯಾಗಿ ಹಾದುಹೋಗುತ್ತದೆ. ಬಿರುಸಿನ ಶ್ರಮದಲ್ಲಿ ಅದರ ಬಾಯಿ ಕಿರಿದಾಗಿ, ಹೃದಯಕ್ಕೆ ರಕ್ತ ಹೆಚ್ಚು ಬೇಕಾದ ಹೊತ್ತಿಗೇ ಕಡಿಮೆಯಾಗುತ್ತದೆ. ಅಮೆರಿಕದ ಸೇನೆಗೆ 25 ವರ್ಷಗಳಲ್ಲಿ ಸೇರಿದ 63 ಲಕ್ಷ ತರುಣರ ದಾಖಲೆಗಳನ್ನು 2004ರ ಅಧ್ಯಯನವೊಂದು ಪರಿಶೀಲಿಸಿತು. ತರಬೇತಿಯಲ್ಲಿ ಹಠಾತ್ತನೆ ಸತ್ತವರಲ್ಲಿ 64 ಮಂದಿಗೆ ಹೃದಯದ ದೋಷವಿತ್ತು. ಅವರಲ್ಲಿ 21 ಮಂದಿಯದು ಇದೇ ಧಮನಿದೋಷ. ಅವರೆಲ್ಲ ಸೇನೆಯ ದೇಹಪರೀಕ್ಷೆಯಲ್ಲಿ ಪಾಸಾದವರು.

ಹಾಗಾದರೆ ಎಲ್ಲರಿಗೂ ಇಸಿಜಿ ಮಾಡಿಸಿದರೆ ಸಾಕಲ್ಲವೇ ಎಂದು ಕೇಳಬಹುದು. ಇಟಲಿ 1982ರಿಂದ ಸ್ಪರ್ಧಾಳುಗಳಿಗೆ ಅದನ್ನು ಕಡ್ಡಾಯ ಮಾಡಿತು. ವೆನೆಟೊ ಪ್ರಾಂತ್ಯದಲ್ಲಿ ವರ್ಷಕ್ಕೆ ಲಕ್ಷಕ್ಕೆ 3.6ರಷ್ಟಿದ್ದ ಕ್ರೀಡಾಪಟುಗಳ ಹಠಾತ್ ಸಾವು 2004ರ ಹೊತ್ತಿಗೆ 0.4ಕ್ಕೆ ಇಳಿಯಿತು. ಈ ಸಾಧನೆ ದೊಡ್ಡದು; ಆದರೆ ಅದರಲ್ಲಿ ಹೆಚ್ಚಿನ ಪಾಲು ಹೃದಯದ ಸ್ನಾಯುರೋಗಗಳನ್ನು ಮೊದಲೇ ಪತ್ತೆಹಚ್ಚಿದ್ದರಿಂದ ಬಂದದ್ದು. ಧಮನಿ ಎಲ್ಲಿಂದ ಹೊರಟಿದೆ ಎಂಬುದನ್ನು ಇಸಿಜಿ ಹೇಳಲಾರದು. ಈ ದೋಷದಿಂದ ಸತ್ತ 27 ಯುವ ಕ್ರೀಡಾಪಟುಗಳ ಕುರಿತು 2000ದಲ್ಲಿ ಪ್ರಕಟವಾದ ಅಧ್ಯಯನವೇ ಇದಕ್ಕೆ ಸಾಕ್ಷಿ. ಇಸಿಜಿ ಆಗಿದ್ದ 9 ಮಂದಿಯಲ್ಲೂ, ಶ್ರಮಪರೀಕ್ಷೆ ಆಗಿದ್ದ 6 ಮಂದಿಯಲ್ಲೂ ಫಲಿತಾಂಶ ಸರಿಯಾಗಿಯೇ ಇತ್ತು. ಆದರೆ ಒಟ್ಟು 10 ಮಂದಿಗೆ ಮೂರ್ಛೆ, ಎದೆನೋವಿನಂಥ ಮುನ್ಸೂಚನೆಗಳು ಬಂದಿದ್ದವು.

ಇಷ್ಟು ಅಪರೂಪದ ದೋಷಕ್ಕೆ ಇಷ್ಟೊಂದು ಕಾಳಜಿ ಏಕೆ ಎಂಬ ಆಕ್ಷೇಪವೂ ಇದೆ. ಎಲ್ಲ ಮಕ್ಕಳಿಗೂ ಸಿಟಿ ಸ್ಕ್ಯಾನ್ ಮಾಡಿಸುವುದು ವಿವೇಕವಲ್ಲ, ನಿಜ. ಆದರೆ ಓಡುವಾಗ ತಲೆಸುತ್ತಿ ಬಿದ್ದ ಹುಡುಗನನ್ನು ಬಿಸಿಲಿಗೋ ಉಪವಾಸಕ್ಕೋ ಹೀಗಾಯಿತೆಂದು ಮತ್ತೆ ಮೈದಾನಕ್ಕೆ ಕಳಿಸದೆ, ಧಮನಿಯ ಮೂಲವನ್ನೇ ಹುಡುಕಿ ನೋಡಬಲ್ಲ ಹೃದಯತಜ್ಞರ ಬಳಿಗೆ ಕರೆದೊಯ್ಯುವುದಕ್ಕೆ ದುಬಾರಿ ಯೋಜನೆ ಬೇಕಿಲ್ಲ. ಮುನ್ಸೂಚನೆಯನ್ನೇ ಕೊಡದ ಹೃದಯಗಳಿಗಾಗಿ ಮೈದಾನದಲ್ಲಿ ಹೃದಯಕ್ಕೆ ವಿದ್ಯುತ್ ಆಘಾತ ನೀಡುವ ಎಇಡಿ ಯಂತ್ರವೂ ಎದೆ ಒತ್ತಲು ಕಲಿತ ಕೈಗಳೂ ಇರಬೇಕು. ಆಟಗಾರನ ಸಾಮರ್ಥ್ಯವನ್ನು ಆರೋಗ್ಯದ ಪ್ರಮಾಣಪತ್ರವೆಂದು ಒಪ್ಪಿಕೊಳ್ಳುವ ರೂಢಿಯನ್ನು ತರಬೇತುದಾರರೂ ಶಾಲೆಗಳೂ ಈಗಲಾದರೂ ಕೈಬಿಡಬೇಕು.