ಹಳೆಯ ತೊಲೆ, ಹೊಸ ಗಿಟಾರು

ಕಳೆದ ದೀಪಾವಳಿಯಲ್ಲಿ ಬೆಟಗೇರಿಯ ನಮ್ಮ ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಹಿತ್ತಲಿನ ಗೋಡೆಗೆ ಒರಗಿಸಿದ್ದ ಸಾಗುವಾನಿ ತೊಲೆಯನ್ನು ಬೆರಳಿನಿಂದ ತಟ್ಟಿ ತಟ್ಟಿ ಕೇಳಿಸಿಕೊಂಡ. ಮುಂಡರಗಿಯಲ್ಲಿದ್ದ ನಮ್ಮ ಅಜ್ಜನ ಮನೆಯನ್ನು ಕೆಡವಿದಾಗ ಉಳಿದದ್ದು ಅದೊಂದೇ. "ಸರ, ಇದನ್ನ ನನಗ ಕೊಡ್ರಿ, ಎಲೆಕ್ಟ್ರಿಕ್ ಗಿಟಾರ್ ಮಾಡಸ್ತೀನಿ" ಎಂದ. ಬಾಗಿಲ ಚೌಕಟ್ಟಿಗಾಗಿ ನನ್ನ ತಮ್ಮ ಅದನ್ನು ಮೊದಲೇ ಕೇಳಿದ್ದ. ಗಿಟಾರಿಗೆ ಸಾಗುವಾನಿಯೇ ಎಂದು ನಾನು ನಕ್ಕುಬಿಟ್ಟೆ. ಆ ರಾತ್ರಿ ಯೋಚಿಸಿದಾಗ, ನಗಬಾರದಿತ್ತು ಅನ್ನಿಸಿತು.

ಪಂಚಾಕ್ಷರಿ ಗವಾಯಿಗಳು (1892–1944), ಪುಟ್ಟರಾಜ ಗವಾಯಿಗಳು (1914–2010) ಬಾಳಿದ ಗದಗಿನಲ್ಲಿ ಬೆಳೆದ ನಮಗೆ ತಂಬೂರಿಯ ನಾದ ಹೊಸದಲ್ಲ. ನಮ್ಮ ಕಡೆಗೆ ಒಳ್ಳೆಯ ತಂಬೂರಿ ಬರುತ್ತಿದ್ದುದು ಮೀರಜದಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಆ ಕಸುಬನ್ನು ಕಟ್ಟಿದವರು ಕತ್ತಿಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು. ಬುರುಡೆ ಪಂಢರಪುರದ ಸುತ್ತಿನ ಹೊಲಗಳಲ್ಲಿ ಬೆಳೆದದ್ದು, ದಂಡಿ ತೂನ್ ಮರದ್ದು. ಗಿಟಾರಿನ ಕತ್ತಿಗೆ ಪರದೇಶದಲ್ಲಿ ಬಹುಕಾಲದಿಂದ ಬಳಸುವುದು ಮಹಾಗನಿ. ತೂನ್, ಮಹಾಗನಿ ಎರಡೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ನಮ್ಮ ಬೇವಿನ ದಾಯಾದಿಗಳು! ಹಗುರಾಗಿರಬೇಕು, ನೇರವಾದ ಎಳೆಯಿರಬೇಕು, ಒಣಗಿದ ಮೇಲೆ ಸೊಟ್ಟಗಾಗಬಾರದು. ಸಾವಿರಾರು ಮೈಲಿ ಅಂತರದ ಬಡಗಿಗಳು ಇದನ್ನೇ ನೋಡಿ ಆಯ್ದರು.

ಈ ಪಾಠವನ್ನು ನಾನು ದುಡ್ಡು ಕೊಟ್ಟು ಕಲಿತವನು. 1978ರಲ್ಲಿ ಎಳೆಗಳ ಚೆಲುವಿಗೆ ಮರುಳಾಗಿ ಹಸಿಮರದ ದಂಡಿಯ ತಂಬೂರಿ ಕೊಂಡೆ. ಮಾಡಿದವರ ಹೆಸರು ಬೇಡ. ನಮ್ಮ ಎರಡು ಬೇಸಿಗೆಗಳಲ್ಲಿ ದಂಡಿ ಬಿಲ್ಲಿನಂತೆ ಬಾಗಿತು.

ಆದರೆ ಯಾವ ಮರ 'ಸಾಂಪ್ರದಾಯಿಕ' ಎಂಬುದನ್ನು ಕಿವಿಯೊಂದೇ ನಿರ್ಧರಿಸಿಲ್ಲ. ನಮ್ಮ ಪಶ್ಚಿಮಘಟ್ಟದ ಬೀಟೆಯನ್ನೇ ನೋಡಿ. ಅಮೆರಿಕದ ಮಾರ್ಟಿನ್ ಕಂಪನಿ ತನ್ನ ಉತ್ತಮ ಗಿಟಾರುಗಳ ಬೆನ್ನು-ಪಕ್ಕೆಗಳಿಗೆ ಬ್ರೆಜಿಲ್ ದೇಶದ ಬೀಟೆಯನ್ನು ಬಳಸುತ್ತಿತ್ತು. ಬ್ರೆಜಿಲ್ ತನ್ನ ದಿಮ್ಮಿಗಳ ರಫ್ತನ್ನು ತಡೆಯಿತು; 1969ರಿಂದ ಕಂಪನಿ ಭಾರತದ ಬೀಟೆಗೆ ಬಂತು. ಅನಿವಾರ್ಯಕ್ಕೆ ಬಂದ ಈ ಬದಲಿ ಮರ ಒಂದು ತಲೆಮಾರು ಕಳೆಯುವುದರೊಳಗೆ ಪ್ರಮಾಣವೇ ಆಗಿಹೋಯಿತು. 1992ರಲ್ಲಿ ಬ್ರೆಜಿಲ್ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರವೇ ಹೆಚ್ಚುಕಡಿಮೆ ನಿಂತಿತು. 2017ರಲ್ಲಿ ನಮ್ಮ ಬೀಟೆಗೂ ಪರವಾನಗಿಯ ಕಟ್ಟು ಬಿತ್ತು. ಸಿದ್ಧ ವಾದ್ಯಗಳಿಗೆ 2019ರಲ್ಲಿ ಸಡಿಲಿಕೆ ದೊರೆಯಿತು. ಕಾಡು ಬರಿದಾಗುತ್ತಿದ್ದಾಗ ಕಾಯಿದೆ ಬರುವುದು ನ್ಯಾಯವೇ. ಕಪ್ಪತಗುಡ್ಡವನ್ನು ಉಳಿಸಿಕೊಳ್ಳಲು ನಾವು ಪಟ್ಟ ಪಾಡು ಮರೆತಿಲ್ಲವಷ್ಟೆ?

ಹಾಗಾದರೆ, ಯಾವ ಕಾಡಿನ ಮರವನ್ನೂ ಹೊಸದಾಗಿ ಕಡಿಯದೆ, ಹಲವು ದಶಕ ಮಾಳಿಗೆ ಹೊತ್ತು ಒಣಗಿದ ತೊಲೆಯನ್ನು ಕೇಳಿದ ಹುಡುಗನಲ್ಲಿ ತಪ್ಪೇನು? ಸಾಗುವಾನಿ ತೂಕ ಹೆಚ್ಚು, ಒಳಗಿನ ಎಣ್ಣೆಯಿಂದ ಅಂಟು ಸುಲಭವಾಗಿ ಹಿಡಿಯದು. ಇವು ಅವನಿಗೂ ತಿಳಿದಿದ್ದವು. ತೊಲೆಯಲ್ಲಿ ಮೊಳೆಯ ತೂತುಗಳಿದ್ದುದರಿಂದ ತಂತಿಗಳ ಸೆಳೆತ ತಾಳಬೇಕಾದ ಕತ್ತಿಗೆ ಬೇಡ, ಒಡಲಿಗಷ್ಟೇ ಸಾಕು ಎಂದ. ಆ ಮಾತಿನಿಂದಲೇ ನನಗೆ ಅವನಲ್ಲಿ ನಂಬಿಕೆ ಬಂದದ್ದು.

ತಮ್ಮ ಮೂರು ದಿನ ಮಾತುಬಿಟ್ಟಿದ್ದ. ನಾಲ್ಕನೆಯ ದಿನ ತಾನೇ ಅಳತೆಪಟ್ಟಿ ಹಿಡಿದು ಬಂದು, ಚೌಕಟ್ಟಿನ ಮೇಲ್ಪಟ್ಟಿಗೆ ಆರಡಿ ಸಾಕೆಂದ. ಉಳಿದ ತುಂಡನ್ನು ಸಾ ಮಿಲ್ಲಿನಲ್ಲಿ ಸೀಳಿದಾಗ ಅಜ್ಜನ ಪಡಸಾಲೆಯ ವಾಸನೆ ಬಂತು. ಹುಡುಗ ಆ ಹಲಗೆಗಳನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಬೆಂಗಳೂರಿಗೆ ಒಯ್ದಿದ್ದಾನೆ.